ಪೇಂಟ್‌ಬಾಲ್: ಜನರ ಎಣಿಕೆಗೆ ತಕ್ಕಂತೆ ಆಟ ರೂಪಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಸುತ್ತಮುತ್ತಲಿನ ರೆಸಾರ್ಟ್‌ಗಳಲ್ಲಿ ಕಂಪನಿಗಳ ಟೀಮ್ ಔಟಿಂಗ್ ಮತ್ತು ಕಾಲೇಜು ಪ್ರವಾಸಗಳ ಅಂಗವಾಗಿ ಪೇಂಟ್‌ಬಾಲ್ ಈಗ ಸಾಮಾನ್ಯವಾಗಿದೆ. ಬಣ್ಣ ತುಂಬಿದ ಪುಟ್ಟ ಗುಂಡುಗಳನ್ನು ಗನ್‌ನಿಂದ ಎದುರಾಳಿಗಳ ಮೇಲೆ ಹಾರಿಸುವ ಆಟವಿದು; ಬಣ್ಣ ತಗುಲಿದವರು ಆಟದಿಂದ ಹೊರಗೆ. ಆದರೆ ಬಂದವರು 8 ಮಂದಿಯಿರಲಿ, 80 ಮಂದಿಯಿರಲಿ, ನಾನು ಕಂಡ ಕಡೆಗಳಲ್ಲೆಲ್ಲ ಅವರನ್ನು ಎರಡು ಪಾಲು ಮಾಡಿ, ತಲೆಗಿಷ್ಟು ಗುಂಡು ಹಂಚಿ, ಒಟ್ಟಿಗೆ ಮೈದಾನಕ್ಕೆ ಬಿಡುವುದೇ ರೂಢಿ. ಕಬಡ್ಡಿಗೆ 7, ವಾಲಿಬಾಲ್‌ಗೆ 6 ಎಂದು ಆಟಗಾರರ ಸಂಖ್ಯೆ ಮೊದಲೇ ನಿಗದಿಯಾಗಿರುತ್ತದೆ. ವಿನೋದಕ್ಕಾಗಿ ಆಡುವ ಪೇಂಟ್‌ಬಾಲ್‌ಗೆ ಅಂಥ ಕಟ್ಟುಪಾಡಿಲ್ಲದ ಕಾರಣ, ಬಂದಷ್ಟು ಜನರಿಗೆ ಯಾವ ಆಟ ಹೊಂದುತ್ತದೆಂದು ತೀರ್ಮಾನಿಸುವ ಹೊಣೆ ಪೂರ್ತಿಯಾಗಿ ಆಯೋಜಕರದೇ.

1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ ನಡೆದ ಮೊದಲ ಆಟದಲ್ಲಿ 12 ಮಂದಿ ತಂಡವಿಲ್ಲದೆ, ತಮ್ಮ ತಮ್ಮ ಪಾಡಿಗೆ ಬಾವುಟಗಳನ್ನು ಸಂಗ್ರಹಿಸಲು ಹೊರಟಿದ್ದರು. ಗೆದ್ದವರು ಒಂದೇ ಒಂದು ಗುಂಡನ್ನೂ ಹಾರಿಸಿರಲಿಲ್ಲ. ಗುಂಡು ಹಾರಿಸುವುದಕ್ಕಿಂತ ಗುರಿ ಮುಟ್ಟುವುದು ಮುಖ್ಯವಾದಾಗ ಆಟಕ್ಕೆ ಸೊಗಸು ಬರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಆರೆಂಟು ಮಂದಿಯ ಗುಂಪಿಗೆ ಇಡೀ ಮೈದಾನವನ್ನು ಬಿಟ್ಟುಕೊಟ್ಟರೆ ಒಬ್ಬರಿಗೊಬ್ಬರು ಕಾಣಸಿಗುವುದೇ ಕಷ್ಟ. ಅರ್ಧ ಮೈದಾನಕ್ಕೆ ಹಗ್ಗ ಕಟ್ಟಿ, ನಡುವೆ ಒಂದೇ ಬಾವುಟ ನೆಟ್ಟು, ಐದೈದು ನಿಮಿಷದ ಸುತ್ತುಗಳನ್ನು ಆಡಿಸುವುದು ಮೇಲು. ಬೆಸ ಸಂಖ್ಯೆ ಬಂದಲ್ಲಿ ಒಬ್ಬರನ್ನು ಹೊರಗೆ ಕೂರಿಸಬೇಕಾಗಿಲ್ಲ. ಮೂವರು ಕೋಟೆ ಕಾಯಲಿ, ನಾಲ್ವರು ಮುತ್ತಿಗೆ ಹಾಕಲಿ, ಮುಂದಿನ ಸುತ್ತಿನಲ್ಲಿ ಪಾತ್ರಗಳು ಅದಲುಬದಲಾಗಲಿ. 12ರಿಂದ 20 ಮಂದಿಯಿದ್ದರೆ ಎರಡೂ ತಂಡಗಳಿಗೆ ಒಂದೊಂದು ಬಾವುಟವಿದ್ದು, ಎದುರಾಳಿಯ ಬಾವುಟವನ್ನು ಕಸಿದು ತರಬೇಕಾದ ಆಟ ಚೆನ್ನಾಗಿ ಒಗ್ಗುತ್ತದೆ.

ನಿಜವಾದ ತೊಡಕು ಇರುವುದು ದೊಡ್ಡ ಗುಂಪುಗಳಲ್ಲಿ. 40 ಮಂದಿಯನ್ನು ಒಮ್ಮೆಗೇ ಇಳಿಸಿದರೆ ಗುಂಡುಗಳು ಎಲ್ಲ ದಿಕ್ಕಿನಿಂದ ಬರುತ್ತವೆ, ಯಾರಿಗೆ ಬಣ್ಣ ತಗುಲಿತೆಂದು ರೆಫರಿಗೆ ಕಾಣುವುದಿಲ್ಲ, ಜಗಳವೂ ಹುಟ್ಟುತ್ತದೆ. ಮಾಸ್ಕ್‌ನ ಗಾಜು ಮಂಜುಗಟ್ಟಿದಾಗ ಒರೆಸಿಕೊಳ್ಳಲು ಯಾರಾದರೂ ಅದನ್ನು ಮೇಲೆತ್ತಿದರೆ, ಆ ಗದ್ದಲದಲ್ಲಿ ಅದನ್ನು ಗಮನಿಸಿ ಆಟ ನಿಲ್ಲಿಸುವವರು ಇರುವುದಿಲ್ಲ. ಸೆಕೆಂಡಿಗೆ 300 ಅಡಿಯವರೆಗಿನ ವೇಗದಲ್ಲಿ ಬರುವ ಗುಂಡು ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು. ಇದರ ಬದಲು ತಲಾ 10 ಮಂದಿಯ ನಾಲ್ಕು ತಂಡ ಮಾಡಿ, ಎರಡು ಆಡುವಾಗ ಉಳಿದೆರಡು ಮೈದಾನದ ಸುತ್ತಲಿನ ಬಲೆಯ ಹೊರಗೆ ಗುಂಡು ತುಂಬಿಕೊಂಡು ಸಿದ್ಧವಾಗಿರುವಂತೆ ನೋಡಿಕೊಳ್ಳಬೇಕು. ಪ್ರತಿ ತಂಡವೂ ಉಳಿದ ಮೂರನ್ನು ಎದುರಿಸಿದರೆ ಒಟ್ಟು 6 ಪಂದ್ಯ. ಪಂದ್ಯಕ್ಕೆ 8 ನಿಮಿಷ, ಬದಲಾವಣೆಗೆ 4 ನಿಮಿಷ ಎಂದು ಹಿಡಿದರೂ 72 ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಸಮಯದ ಅಭಾವವೆಂಬ ಸಬೂಬನ್ನು ನಾನು ಒಪ್ಪಲಾರೆ. ಇಂಥ ಪಂದ್ಯಕ್ಕೆ ಕನಿಷ್ಠ ಇಬ್ಬರು ರೆಫರಿಗಳಿರಬೇಕು. ಗುಂಡುಗಳನ್ನು ತಂಡಗಳಿಗೆ ಸಮನಾಗಿ ಹಂಚಬೇಕು. ಹೆಚ್ಚುವರಿ ಗುಂಡು ಕೊಳ್ಳಲು ಯಾರಿಗೆ ಹಣವಿದೆಯೋ ಅವರೇ ಗೆಲ್ಲುವಂತಾದರೆ ಸಹೋದ್ಯೋಗಿಗಳ ನಡುವೆ ಬೆಳೆಯುವುದು ಕಹಿಯೇ.

ಆದ್ದರಿಂದ ರೆಸಾರ್ಟ್‌ಗಳು ಬುಕಿಂಗ್ ಸಮಯದಲ್ಲೇ ಒಮ್ಮೆಗೆ ಎಷ್ಟು ಮಂದಿಯನ್ನು ಆಡಿಸುತ್ತವೆ, ರೆಫರಿಗಳೆಷ್ಟು, ಸುಸ್ಥಿತಿಯ ಮಾಸ್ಕ್‌ಗಳೆಷ್ಟು, ಗನ್‌ಗಳ ವೇಗವನ್ನು ಆಟಕ್ಕೆ ಮುನ್ನ ಯಂತ್ರದಿಂದ ಅಳೆಯುತ್ತವೆಯೇ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಗುಂಪನ್ನು ಕರೆತರುವವರು ಸಹ ಖಚಿತ ಸಂಖ್ಯೆಯನ್ನು ಹಿಂದಿನ ದಿನವೇ ಕೊಡಬೇಕು. ಆಡಲು ಮನಸ್ಸಿಲ್ಲದವರನ್ನು ತಂಡ ಭರ್ತಿಗೆಂದು ಒತ್ತಾಯದಿಂದ ಇಳಿಸದೆ, ಬಲೆಯ ಹೊರಗಿನಿಂದ ಸಮಯ ನೋಡುವ, ಅಂಕ ಬರೆಯುವ ಕೆಲಸವನ್ನು ಅವರಿಗೆ ವಹಿಸಬೇಕು.

ಇಂತಿ,
ಓದುಗ, ಬೆಂಗಳೂರು