ಶಿರಸಿ ಪಿನ್ ಕೋಡಿಗೆ ಸೂರ್ಯನ ಹಂಗಿಲ್ಲ

ಸಂಪಾದಕರೇ, ನಮಸ್ಕಾರ.

ಮೊನ್ನೆ ಭಾನುವಾರದ ನಿಮ್ಮ ಸಂಖ್ಯಾಶಾಸ್ತ್ರದ ಕಾಲಮ್ಮಲ್ಲಿ ಊರೂರಿನ ಪಿನ್ ಕೋಡ್ ಕೂಡಿಸಿ ಭವಿಷ್ಯ ಹೇಳಿದ್ರಲ್ಲ, ಶಿರಸಿಯ 581401 ಕೂಡಿಸಿದ್ರೆ 19, ಅದನ್ನ ಕೂಡಿಸಿದ್ರೆ 10, ಕಡೆಗೆ 1, ಹಾಗಾಗಿ ನಮ್ಮದು ಸೂರ್ಯನ ಊರಂತೆ. ಇಲ್ಲಿ ಸೂರ್ಯನ ಮುಖ ಕಂಡು ಎಂಟು ದಿನ ಆಯ್ತು ಮಾರಾಯ್ರೆ, ಹಾಸಿದ ಬಟ್ಟೆ ಇನ್ನೂ ಒಣಗಿಲ್ಲ.

ಕೂಡಿಸಿ ಕೂಡಿಸಿ ಕಡೆಗೆ ಬರೋ ಆ ಅಂಕಿ ಅಂದ್ರೆ ಆ ಸಂಖ್ಯೆಯನ್ನ 9ರಿಂದ ಭಾಗಿಸಿದಾಗ ಉಳಿಯೋ ಶೇಷ, ಅಷ್ಟೇ; ಏನೂ ಉಳೀದಿದ್ರೆ 9. 10 ಆಗ್ಲಿ ಲಕ್ಷ ಆಗ್ಲಿ 9ರಿಂದ ಭಾಗಿಸಿದ್ರೆ 1 ಉಳೀತದೆ, ಹಾಗಾಗಿ ಲಕ್ಷದ ಸ್ಥಾನದ 5ಕ್ಕೂ ಬಿಡಿ ಸ್ಥಾನದ 5ಕ್ಕೂ ಇಲ್ಲಿ ಒಂದೇ ಬೆಲೆ. ಕಾರವಾರದ 581301ಕ್ಕೆ 9 ಬಂದದ್ದು ಕುಜನ ದೆಸೆಯಿಂದಲ್ಲ, ಅದು 9ರಿಂದ ಸರಿಯಾಗಿ ಭಾಗ ಹೋಗ್ತದೆ, 64,589 ಸಲ. ನಮ್ಮ ಪಿನ್ನನ್ನ ತಿರುಗಾಮುರುಗಾ 104185 ಅಂತ ಬರೆದ್ರೂ ಅದೇ 1.

ಕಾಲಮ್ ಓದಿದ ಸಿಟ್ಟಿಗೆ ಕವಳ ಹಾಕ್ಕೊಂಡು ಜಗಲಿ ಮೇಲೆ ಕೂತೆ, ಕರೆಂಟಿಲ್ಲ, ಮೊಬೈಲು ಸತ್ತಿತ್ತು, ಸೊಸೈಟಿಯ ಅಡಿಕೆ ಚೀಟಿ ಹಿಂದೆ ಪೆನ್ನಲ್ಲೇ 581401 ಯಾವುದರಿಂದ ಸರಿಯಾಗಿ ಭಾಗ ಹೋಗ್ತದೆ ಅಂತ ಭಾಗಿಸ್ತಾ ಹೋದೆ. ಶುರುವಿಗೇ ಒಂದು ಚಂದ ಸಿಕ್ತು: 17, 18, 19 ಮೂರನ್ನೂ ಗುಣಿಸಿದ್ರೆ 5814! ಅಂದ್ರೆ 581400ನ್ನ 2, 3, 5, 17, 19 ಎಲ್ಲವೂ ಭಾಗಿಸ್ತವೆ, ನಮ್ಮದು ಅದಕ್ಕಿಂತ ಒಂದು ಜಾಸ್ತಿ, ಈ ಐದಕ್ಕೂ 1 ಉಳಿಯೋದೇ, ನಂಗೂ ಅಷ್ಟು ಕೆಲಸ ಉಳೀತು. 7ಕ್ಕೆ 2 ಉಳೀತು, 13ಕ್ಕೂ 2. 149 ಆಸೆ ಹುಟ್ಟಿಸಿ 3 ಉಳಿಸಿ ಹೋಯ್ತು. 763ರ ವರ್ಗ 5,82,169 ಆಗಿ ದಾಟಿ ಹೋಗೋದ್ರಿಂದ 762ರ ಒಳಗಿನ ಅವಿಭಾಜ್ಯ ಸಂಖ್ಯೆಗಳನ್ನ ನೋಡಿದ್ರೆ ಸಾಕು, ಆದ್ರೆ ಅವೇ ನೂರಕ್ಕಿಂತ ಹೆಚ್ಚಿದಾವೆ. ಎರಡನೇ ದಿನ 400 ದಾಟಿದ ಮೇಲೆ ಇದು ಅವಿಭಾಜ್ಯವೇ ಸೈ ಅಂತ ಮನೆಯವಳ ಹತ್ರ ಹೇಳಿಯೂ ಆಯ್ತು. 419ಕ್ಕೆ 248 ಉಳೀತು. ಅದರ ಪಕ್ಕದ 421ಕ್ಕೆ ಸೊನ್ನೆ! 421 ಗುಣಿಸು 1381, ಎರಡೂ ಅವಿಭಾಜ್ಯ, ಇನ್ನು ಒಡೆಯೋ ಹಾಗಿಲ್ಲ. ಹೇಳಿದ್ದನ್ನ ವಾಪಸ್ ತಗೊಂಡೆ, ಅವಳು ಬೆಳ್ಳುಳ್ಳಿ ಸುಲಿಯೋದು ನಿಲ್ಲಿಸ್ಲೇ ಇಲ್ಲ.

ಈ ಪಿನ್ ಪದ್ಧತಿ ಬಂದದ್ದು 1972ರ ಆಗಸ್ಟ್ 15ಕ್ಕೆ, ಮೊದಲ ಅಂಕಿ ವಲಯಕ್ಕೆ, ಕಡೇ ಮೂರು ಅಂಚೆ ಕಚೇರಿಗೆ, ಗ್ರಹಗಳಿಗೆ ಅಂತ ಒಂದೂ ಇಟ್ಟಿಲ್ಲ. ನಿಜವಾದ ತೊಂದರೆ ಬೇರೆ ಇದೆ. ಆಧಾರಿನ ಕಡೇ ಅಂಕಿ ಅದಕ್ಕೂ ಮೊದಲಿನ ಹನ್ನೊಂದು ಅಂಕಿ ಸರಿ ಇದಾವಾ ಅಂತ ನೋಡ್ಲಿಕ್ಕೇ ಇರೋದು, ಪಿನ್ನಿಗೆ ಅಂಥ ಕಾವಲು ಇಲ್ಲ. ಯಾರೋ 4ರ ಜಾಗದಲ್ಲಿ 3 ಹಾಕಿದ್ದಕ್ಕೆ ನಮ್ಮನೆ ಪಾರ್ಸಲ್ಲು ಘಟ್ಟ ಇಳಿದು ಕಾರವಾರ ನೋಡ್ಕೊಂಡು ಬಂತು, ಒಳಗಿದ್ದ ಕೋಡುಬಳೆ ಎಲ್ಲ ಮೆತ್ತಗೆ.

ಆ ಕಾಲಮ್ಮಿನ ಜಾಗದಲ್ಲಿ ಒಂದು ವಾರ ಮಕ್ಕಳಿಗೆ ಅವರವರ ಊರಿನ ಪಿನ್ ಒಡೆಯೋ ಲೆಕ್ಕ ಕೊಡಿ. ಕಾರವಾರದ ಮಕ್ಕಳಿಗೆ ಸಲೀಸು: 3, 3, 7, ಆಮೇಲೆ 9227. ಅದು ಅವಿಭಾಜ್ಯ, ಒಡೆಯೋದಿಲ್ಲ ಅಂತ ಖಾತ್ರಿ ಮಾಡ್ಕೊಳ್ಲಿಕ್ಕೆ ಮಾತ್ರ 89ರ ತನಕ ಹೋಗಿ ಸುಸ್ತಾಗ್ತಾರೆ.

ಅಡಿಕೆ ತೋಟದ ನಿವೃತ್ತ ಮಾಸ್ತರು,
ಶಿರಸಿ