ಒಂದೇ ಗೋಡೆಯಲ್ಲಿ ನಾವಿಬ್ಬರು

ನನ್ನ ಮತ್ತು ಗೆಳತಿಯ ಜೋಡಿ ಚಿತ್ರಪ್ರದರ್ಶನ ಮುಗಿಯಿತು. ನಿನ್ನೆ ಸಂಜೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಗ್ಯಾಲರಿಯಿಂದ ಕೊನೆಯ ಕ್ಯಾನ್ವಾಸ್ ಇಳಿಸಿದೆವು. ಖಾಲಿ ಗೋಡೆ ನೋಡಿ ಗಂಟಲು ಕಟ್ಟಿತು. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ನನ್ನ ಗೆಳತಿಗೆ. ಮಳೆಗಾಲದಲ್ಲಿ ನನ್ನ ಬಾಡಿಗೆ ಕೋಣೆ ಸೋರಿ ಒಂಬತ್ತು ಚಿತ್ರಗಳು ಬೂಸ್ಟು ಹಿಡಿದು ಹೋದವು. ಪ್ರದರ್ಶನ ನೀನೊಬ್ಬಳೇ ಮಾಡು ಎಂದೆ. "ಸುಮ್ನೆ ಬಾರೇ, ನನ್ನ ಕೋಣೇಲಿ ಅರ್ಧ ನಿಂದು" ಅಂದಳು. ನಾಲ್ಕು ತಿಂಗಳು ಒಂದೇ ಕಿಟಕಿಯ ಬೆಳಕಿನಲ್ಲಿ ಕೆಲಸ ಮಾಡಿದೆವು. ಅವಳಿಗೆ ಆಕಾರದ ಹುಚ್ಚು. ರೋಲರ್‌ನಲ್ಲಿ ಬಣ್ಣ ಹರಡಿ, ಪ್ಯಾಲೆಟ್ ನೈಫ್ ಎಂಬ ಬಣ್ಣದ ಚಪ್ಪಟೆ ಚಾಕುವಿನಿಂದ ಕೆರೆದು, ಬೂದು ಚೌಕಗಳನ್ನು ಹೊರತೆಗೆಯುತ್ತಾಳೆ. ನನಗೆ ಬಣ್ಣವೇ ಎಲ್ಲ. ಒಂದು ದಿನ ಅವಳ ಬೂದು ಚಿತ್ರದ ಪಕ್ಕ ನನ್ನ ಕೆಂಪು ಚಿತ್ರ ಇಟ್ಟೆವು. ಬೂದು ಹಸಿರಿಗೆ ತಿರುಗಿದ ಹಾಗೆ ಕಂಡಿತು! ಪಕ್ಕದ ಬಣ್ಣ ಕಣ್ಣನ್ನು ಹೀಗೆ ಎಳೆಯುತ್ತದೆ ಎಂದು ಓದಿದ್ದೆ, ಅಷ್ಟು ಚೆನ್ನಾಗಿ ನೋಡಿದ್ದು ಅವತ್ತೇ. ಆಮೇಲೆ ಯಾವ ಚಿತ್ರವನ್ನೂ ಒಂಟಿಯಾಗಿ ನೇತುಹಾಕುವ ಮನಸ್ಸಾಗಲಿಲ್ಲ.

ಸಾಲದಲ್ಲೇ ಫ್ರೇಮ್ ಕಟ್ಟಿಕೊಟ್ಟ ಅಂಗಡಿಯವರಿಗೆ, ಗುಂಡಿ ಬಂದಲ್ಲೆಲ್ಲ ಟೆಂಪೋ ನಿಧಾನ ಮಾಡಿದ ಡ್ರೈವರ್ ಅಣ್ಣನಿಗೆ ಋಣಿ. ಹಳದಿ ಬೆಳಕಿನಲ್ಲಿ ನನ್ನ ಅಲ್ಟ್ರಾಮರೀನ್ ನೀಲಿ ಮಂಕಾಗಿತ್ತು. ಹೇಳಿದ ತಕ್ಷಣ ಏಣಿ ಹತ್ತಿ ಬಲ್ಬ್ ಬದಲಿಸಿದವರಿಗೂ.

ನಮ್ಮ ಚಿತ್ರಗಳಲ್ಲಿ ಗುರುತು ಹಿಡಿಯುವ ಮರ, ಮುಖ ಯಾವುದೂ ಇಲ್ಲ, ಬರೀ ಬಣ್ಣ, ಆಕಾರ. "ಇದು ಏನು?" ಎಂದು ತುಂಬಾ ಜನ ಕೇಳಿದರು. ಕೇಳಬೇಕಾದ ಪ್ರಶ್ನೆಯೇ, ಅಲ್ವಾ? ಇಂಥ ಚಿತ್ರಗಳನ್ನು ಅಮೂರ್ತ ಎನ್ನುತ್ತಾರೆ. ಆದರೆ ವಿ. ಎಸ್. ಗಾಯ್ತೊಂಡೆ ಅವರಂಥ ದೊಡ್ಡ ಕಲಾವಿದರೇ ತಮ್ಮ ಚಿತ್ರಗಳನ್ನು ಅಮೂರ್ತ ಎನ್ನಲು ಒಪ್ಪುತ್ತಿರಲಿಲ್ಲ. ನಾನು ಏನೇನೋ ತಡವರಿಸಿದೆ.

ನಾಲ್ಕನೇ ದಿನ ಒಬ್ಬ ಹಿರಿಯರು ಬಂದರು. ಹಸಿರಿನ ಮೇಲೆ ತೆಳುವಾಗಿ ಕೆಂಪು ಬಳಿದ ನನ್ನ ಚಿತ್ರದ ಮುಂದೆ ನಿಂತರು. ಎಡಕ್ಕೆ ಸರಿದು ನೋಡಿದರು, ಬಲಕ್ಕೆ ಸರಿದು ನೋಡಿದರು. "ಹಾಸು ಹಸಿರು, ಹೊಕ್ಕು ಕೆಂಪು" ಅಂದರು. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೋಗುವ ನೂಲು, ಹೊಕ್ಕು ಅಂದರೆ ಅಡ್ಡಕ್ಕೆ ಹೋಗುವ ನೂಲು. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೇಯ್ದವರಂತೆ. ಎರಡು ಬಣ್ಣದ ನೂಲು ಸೇರಿಸಿದರೆ ಸೀರೆ ಮಡಿಕೆಯಲ್ಲಿ ಒಂದು ಬಣ್ಣ, ಬಿಡಿಸಿದರೆ ಇನ್ನೊಂದು ಎಂದು ಕೈಯಾಡಿಸಿ ತೋರಿಸಿದರು. ನಾನು ತಿಂಗಳುಗಟ್ಟಲೆ ಹುಡುಕಿದ್ದು ಅದನ್ನೇ.

ಅವರ ಹೆಸರು ಕೇಳಲು ಮರೆತೆ. ಸರ್, ಇದು ನಿಮಗೆ ತಲುಪಿದರೆ, ಆ ಚಿತ್ರ ನನ್ನ ಹತ್ತಿರವೇ ಇದೆ. ಹಿಂಬದಿಯಲ್ಲಿ 'ಹಾಸು ಹೊಕ್ಕು' ಎಂದು ಬರೆದಿದ್ದೇನೆ. ಇನ್ನೊಮ್ಮೆ ನೋಡಲು ಬನ್ನಿ.