ತೇಪೆ ಹಾಕಿ ಬಿಡಬೇಡ, ಮೂಲಕ್ಕೆ ಕಳಿಸು

ಪ್ರಿಯ ಗೆಳೆಯ,

ಕಂಪನಿಯ ಕೆಲಸ ಬಿಟ್ಟು ಸ್ವತಂತ್ರವಾಗಿ ವೆಬ್‌ಸೈಟ್ ಮಾಡಿಕೊಡಲು ಹೊರಟಿರುವ ಸುದ್ದಿ ಓದಿ ಬಹಳ ಸಂತೋಷವಾಯಿತು. ಆದರೆ "ಓಪನ್ ಸೋರ್ಸ್‌ಗೆ ಇನ್ನು ಪುರುಸೊತ್ತಿಲ್ಲ, ಮೊದಲು ಹೊಟ್ಟೆಪಾಡು" ಎಂದು ಬರೆದಿದ್ದೀಯಲ್ಲ, ಆ ಮಾತಿಗೆ ನನ್ನ ತಕರಾರಿದೆ. ಮೂಲ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶವೇ ಓಪನ್ ಸೋರ್ಸ್; ನಮ್ಮ ಕಸುಬು ನಿಂತಿರುವುದೇ ಅದರ ಮೇಲೆ.

ಹೊಟ್ಟೆಪಾಡಿನ ವಿಷಯ ಬೇಗ ಮುಗಿಸುತ್ತೇನೆ. ಒಪ್ಪಂದ ಬರಹದಲ್ಲಿರಲಿ; ಮುಂಗಡ ಕೈಸೇರದೆ ಕೆಲಸ ಶುರು ಮಾಡಬೇಡ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಉಳಿದದ್ದನ್ನು ಲೆಕ್ಕಪರಿಶೋಧಕರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಇನ್ನು ತಕರಾರಿಗೆ ಬರುತ್ತೇನೆ. ಸೈಟು ಕಟ್ಟಲು ನಾವು ಬಳಸುವ ಓಪನ್ ಸೋರ್ಸ್ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಉದ್ದನೆಯ ಕನ್ನಡ ಶೀರ್ಷಿಕೆ ಕೊಟ್ಟರೆ ಲೇಖನದ ವಿಳಾಸ ನಡುವೆಯೇ ತುಂಡಾಗುವುದನ್ನು ನೋಡಿರುತ್ತೀಯ. ಡೇಟಾಬೇಸಿನಲ್ಲಿ ಆ ಭಾಗಕ್ಕೆ ಇರುವುದು 200 ಸ್ಥಾನ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಸ್ಥಾನ ಸಾಕು. ಕನ್ನಡದ ಒಂದೊಂದು ಚಿಹ್ನೆಯೂ ಯುಟಿಎಫ್-8ರಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಕೂಡಿಡುವ ಪದ್ಧತಿಯಲ್ಲಿ, 3 ಬೈಟ್. ವಿಳಾಸಕ್ಕೆ ಇಳಿಯುವಾಗ ಪ್ರತಿ ಬೈಟಿಗೆ 3 ಸ್ಥಾನ, ಒಟ್ಟು 9. ಹಾಗಾಗಿ 22 ಚಿಹ್ನೆಗಳಾಗುವಷ್ಟರಲ್ಲಿ ಜಾಗ ಖಾಲಿ. 'ಕ್ಷ' ನಮಗೆ ಒಂದೇ ಅಕ್ಷರ. ಒಳಗೆ ಮಾತ್ರ ಕ, ಹಲಂತ (್), ಷ ಎಂದು ಮೂರು ಚಿಹ್ನೆ, 27 ಸ್ಥಾನ! ಲೇಖನದ ಸಾರಾಂಶವನ್ನು ಚಿಹ್ನೆಗಳ ಲೆಕ್ಕದಲ್ಲಿ ಕತ್ತರಿಸುವ ಥೀಮ್‌ಗಳಲ್ಲಿ (ಸೈಟಿನ ಸಿದ್ಧ ವಿನ್ಯಾಸಗಳಲ್ಲಿ) ಒತ್ತಕ್ಷರ ಕಳಚಿಬೀಳುವುದೂ ಇದೇ ಕಾರಣಕ್ಕೆ.

ಇಂಗ್ಲಿಷಿನಲ್ಲಷ್ಟೇ ಕೆಲಸ ಮಾಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ದಿನವೂ ಕಾಣುವವರು ಜಿಲ್ಲಾ ಪತ್ರಿಕೆಗೆ, ಸಹಕಾರ ಸಂಘಕ್ಕೆ, ಕಾಲೇಜಿಗೆ ಸೈಟು ಮಾಡಿಕೊಡುವ ನಾವು. ಒಬ್ಬ ಗ್ರಾಹಕರ ಸೈಟಿನಲ್ಲಿ ತೇಪೆ ಹಾಕಿ ಹಣ ಪಡೆದು ಬಂದರೆ ಅದು ಅಲ್ಲಿಗೇ ಉಳಿಯುತ್ತದೆ. ಮುಂದಿನ ಅಪ್‌ಡೇಟಿನಲ್ಲಿ ಅಳಿಸಿಹೋದರೂ ಹೋಯಿತು. ಆ ತಿದ್ದುಪಡಿಯನ್ನು ವರ್ಡ್‌ಪ್ರೆಸ್‌ನ ಮೂಲ ಯೋಜನೆಗೇ ಕಳಿಸಿ ಅದು ಒಪ್ಪಿಗೆಯಾದರೆ ಕನ್ನಡದ ಎಲ್ಲ ಸೈಟುಗಳಿಗೂ, ತೆಲುಗು, ತಮಿಳಿನವರಿಗೂ ಸಲ್ಲುತ್ತದೆ. ಸಾಮಾನ್ಯ ಉಪಯೋಗದ ತಿದ್ದುಪಡಿಗಳನ್ನು ಹೀಗೆ ಹಂಚಿಕೊಳ್ಳಬಹುದೆಂಬ ಸಾಲನ್ನು ಒಪ್ಪಂದದಲ್ಲೇ ಸೇರಿಸಿಕೋ.

ವರ್ಡ್‌ಪ್ರೆಸ್ ಹುಟ್ಟಿದ್ದೂ ಹೀಗೆಯೇ ಅಲ್ಲವೇ? ಬಿ2 ಎಂಬ ತಂತ್ರಾಂಶದ ಕೆಲಸ ನಿಂತುಹೋದಾಗ, ಯಾರು ಬೇಕಾದರೂ ತಿದ್ದಿ ಹಂಚಲು ಬಿಡುವ ಜಿಪಿಎಲ್ ಪರವಾನಗಿ ಇದ್ದುದರಿಂದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ 2003ರಲ್ಲಿ ಅದನ್ನು ಮುಂದುವರಿಸಿದರು. ನಮ್ಮ ಅನ್ನದ ಮೂಲ ಅದು.

ಮೂಲ ಯೋಜನೆಗೆ ಹೀಗೆ ದುಡಿಯುವುದರಿಂದ ಗ್ರಾಹಕರು ಹುಡುಕಿಕೊಂಡು ಬರುತ್ತಾರೆ ಎಂಬ ಆಸೆಯನ್ನು ನಾನು ಹುಟ್ಟಿಸುವುದಿಲ್ಲ. ಆದರೆ ಒಂಟಿಯಾಗಿ ದುಡಿಯುವವನ ಕೋಡ್ ಓದುವವರು ಯಾರು? ಯೋಜನೆಯನ್ನು ನೋಡಿಕೊಳ್ಳುವ, ನಾನು ಮುಖ ನೋಡದ ಜನ ನನ್ನ ಒಂದೊಂದು ಸಾಲನ್ನೂ ಪ್ರಶ್ನಿಸಿ, ಟೆಸ್ಟ್ (ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಕೋಡ್) ಎಲ್ಲಿ ಎಂದು ಕೇಳುವಾಗ ನನಗೆ ಸಿಕ್ಕ ಪಾಠ ಯಾವ ಕಚೇರಿಯಲ್ಲೂ ಸಿಕ್ಕಿರಲಿಲ್ಲ. ಅವರ ಉತ್ತರ ತಡವಾದರೆ ಸಿಡಿಮಿಡಿಗೊಳ್ಳಬೇಡ. ಬಿಡುವಿನಲ್ಲಿ ಒಬ್ಬರೇ ನೋಡಿಕೊಳ್ಳುತ್ತಿದ್ದ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದೊಳಗೆ, ಕೆಲಸ ತಡವೆಂದು ಅವರ ಮೇಲೆ ಒತ್ತಡ ಬಂದಾಗ ನೆರವಿನ ನೆಪದಲ್ಲಿ ನಂಬಿಕೆ ಗಳಿಸಿದವರು ಕಳ್ಳಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇಟ್ಟಿದ್ದರು. 2024ರ ಮಾರ್ಚ್‌ನಲ್ಲಿ ಅದನ್ನು ಪತ್ತೆಹಚ್ಚಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ಸುಳಿವಾದದ್ದು ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾದದ್ದು. ಬೇಸತ್ತ ನಿರ್ವಾಹಕರ ಮೇಲೆ ಒತ್ತಡ ಹೇರುವುದು ಎಷ್ಟು ಅಪಾಯವೆಂದು ಅಂದಿನಿಂದ ನನಗೆ ಮನದಟ್ಟಾಗಿದೆ.

ನಿನ್ನ ಮೊದಲ ಕೆಲಸವೇ ಒಂದು ಪತ್ರಿಕೆಯ ಸೈಟು ಎಂದಿದ್ದೀಯ. ಒತ್ತಕ್ಷರ ಎಲ್ಲಿ ಮುರಿಯುತ್ತದೆ, ಯಾವ ಬ್ರೌಸರ್, ಏನು ಮಾಡಿದಾಗ ಎಂದು ಹಂತಹಂತವಾಗಿ ಬರೆದು ಕಳಿಸು. ಟೆಸ್ಟ್ ನಾನು ಬರೆಯುತ್ತೇನೆ, ಇಬ್ಬರೂ ಸೇರಿ ಸಲ್ಲಿಸೋಣ.

ನಿನ್ನ,
ಗೆಳೆಯ